ಕೋರಿಕೆ ಪುಸ್ತಕದಲ್ಲಿ ತಂಗಿಯ ಸಾಲು

ವಾರ್ಡಿನವರು ನನಗಿಟ್ಟ ಹೆಸರು ತಕ್ಕಡಿ. ವಾರ್ಡಿನ ಇನ್‌ಚಾರ್ಜ್ ಆಗಿ ಇಪ್ಪತ್ತೆರಡು ನರ್ಸುಗಳ ಡ್ಯೂಟಿ ಪಟ್ಟಿಯನ್ನು ಹದಿನಾಲ್ಕು ವರ್ಷ ಹಾಕಿದವಳು ನಾನು. ಒಬ್ಬಳಿಗೆ ಭಾನುವಾರ ರಜೆ ಕೊಟ್ಟರೆ ಇನ್ನೊಬ್ಬಳ ಮುಖ ಊದಿಕೊಳ್ಳುವ ಕೆಲಸ ಅದು. ತಕ್ಕಡಿ ಅಂದಾಗ ಒಳಗೊಳಗೇ ಉಬ್ಬುತ್ತಿದ್ದೆ. ಈಗ ಆ ಹೆಸರು ಕೇಳಿದರೆ ಮೈಯೆಲ್ಲ ಹಿಡಿಯಾಗುತ್ತದೆ. ಆ ಇಪ್ಪತ್ತೆರಡರಲ್ಲಿ ಒಬ್ಬಳು ನನ್ನ ಒಡಹುಟ್ಟಿದ ತಂಗಿ.

ಮೂರು ಮಂದಿ ಚುಚ್ಚಿ ಸೋತ ಕೈಯಲ್ಲಿ ಅವಳು ಒಂದೇ ಸಲಕ್ಕೆ ನರ ಹಿಡಿಯುತ್ತಿದ್ದಳು. ಮಾತ್ರೆಯನ್ನು ದಿಂಬಿನಡಿ ಬಚ್ಚಿಡುವ ಮುದುಕರಿಗೆ, “ತಾತ, ಜ್ವರ ಬಂದಿರೋದು ದಿಂಬಿಗಲ್ಲ, ನಿಮಗೆ” ಅನ್ನುವಳು. ಹೊಸ ಹುಡುಗಿಯರು ಏನೇ ಸಂಶಯ ಬಂದರೂ ನನ್ನನ್ನು ಬಿಟ್ಟು ಅವಳ ಹಿಂದೆ ಓಡುತ್ತಿದ್ದರು. ನರ್ಸಿಂಗ್ ಶಾಲೆಯಲ್ಲಿ ಟೀಚರಾಗಬೇಕು ಅನ್ನುವುದೊಂದೇ ಅವಳ ಆಸೆ.

ನಮ್ಮ ಮೇಜಿನ ಪಕ್ಕದ ಮೊಳೆಗೆ ಒಂದು ಕೋರಿಕೆ ಪುಸ್ತಕ ತೂಗುತ್ತಿತ್ತು. ರಜೆ ಬೇಕಾದವರು ಅದರಲ್ಲಿ ಪೆನ್ಸಿಲಿನಿಂದ ದಿನ, ಹೆಸರು ಬರೆಯಬೇಕು. ತಂಗಿ ನನ್ನ ವಾರ್ಡಿಗೆ ಬಂದ ಮೊದಲ ದಿನವೇ ಬಟ್ಟೆ ಕೋಣೆಗೆ ಕರೆದು ಹೇಳಿದೆ: “ನೀನು ಆ ಪುಸ್ತಕ ಮುಟ್ಟಬೇಡ. ತಂಗಿ ಅಂತ ಮಾಡ್ಕೊಟ್ಳು ಅನ್ನೋ ಮಾತು ಒಬ್ರ ಬಾಯಲ್ಲೂ ಬರಬಾರದು.”

“ಆಯ್ತು ತಾಯಿ. ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ನಕ್ಕಳು.

ಯಾರಿಗೂ ಬೇಡವಾದ ಪಾಳಿಗಳೆಲ್ಲ ಅವಳ ಪಾಲಿಗೇ ಹೋದವು. ಆರು ವರ್ಷ ಅವಳು ಪುಸ್ತಕ ಮುಟ್ಟಲಿಲ್ಲ. ಏಳನೆಯ ವರ್ಷ ಒಂದು ಸಾಲು ಬರೆದಳು: ಗುರುವಾರ, ತನ್ನ ಹೆಸರು, ‘ಪರೀಕ್ಷೆ’. ಟೀಚರ್ ತರಬೇತಿಯ ಪ್ರವೇಶ ಪರೀಕ್ಷೆ ಅದು. ವಯಸ್ಸಿನ ಮಿತಿಗೆ ಅದೇ ಕೊನೆಯ ಸಲ. ಟೀ ವಿರಾಮದಲ್ಲೆಲ್ಲ ಮಡಿಲಲ್ಲಿ ಪಠ್ಯಪುಸ್ತಕವಿಟ್ಟುಕೊಂಡು ಓದುತ್ತಿದ್ದುದನ್ನು ನಾನೇ ನೋಡಿದ್ದೆ.

ಅವಳ ಸಾಲಿನ ಕೆಳಗೆ ಇನ್ನಿಬ್ಬರು ಅದೇ ಗುರುವಾರ ಕೇಳಿದ್ದರು. ಇಬ್ಬರದೂ ಮದುವೆ ಮನೆ. ಒಂದು ದಿನಕ್ಕೆ ರಜೆ ಕೊಡಬಹುದಾದದ್ದು ಇಬ್ಬರಿಗೆ ಮಾತ್ರ. ಮೊದಲು ಬರೆದವಳು ತಂಗಿ, ನ್ಯಾಯ ಅವಳ ಕಡೆಗಿತ್ತು. ಆದರೆ ಉಳಿದವರಲ್ಲಿ ಒಬ್ಬಳಿಗೆ ಇಲ್ಲ ಅಂದರೆ ಜನ ಏನಂದಾರು? ಆಚೀಚೆ ನೋಡಿ, ರಬ್ಬರ್ ತಗೊಂಡು ಅವಳ ಸಾಲನ್ನು ಅಳಿಸಿಬಿಟ್ಟೆ. ಗುರುವಾರ ಅವಳಿಗೆ ಬೆಳಗಿನ ಪಾಳಿ ಹಾಕಿದೆ.

ಅವಳು ಗೋಡೆಯ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಕೇಳಿದರೆ ಹೇಳಲು ಸುಳ್ಳೊಂದನ್ನು ಸಿದ್ಧಮಾಡಿಕೊಂಡಿದ್ದೆ. ಅವಳು ಕೇಳಲಿಲ್ಲ. ಮನೆಯಲ್ಲಿ ಅಮ್ಮ ಪರೀಕ್ಷೆ ಏನಾಯಿತು ಅಂದಾಗ, “ಓದೇ ಇರ್ಲಿಲ್ಲಮ್ಮ, ಹೋಗಿದ್ರೂ ಫೇಲೇ” ಅಂದಳು. ನಾನು ತಲೆ ತಗ್ಗಿಸಿ ಊಟ ಮಾಡುತ್ತಲೇ ಇದ್ದೆ. ಯಾರೋ ಹೊಟ್ಟೆಕಿಚ್ಚಿನವರು ಅಳಿಸಿರಬೇಕು ಅಂದುಕೊಂಡಿದ್ದಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನನ್ನ ನಿವೃತ್ತಿಯ ದಿನ ಹೊಸ ಇನ್‌ಚಾರ್ಜ್ ಭಾಷಣ ಮಾಡಿದಳು: “ಸ್ವಂತ ತಂಗಿಗೂ ಒಂದು ದಿನ ಬಿಟ್ಟುಕೊಡದ ತಕ್ಕಡಿ ನಮ್ಮಕ್ಕ!” ಎಲ್ಲರೂ ಚಪ್ಪಾಳೆ ತಟ್ಟಿದರು. ತಂಗಿಯೂ ತಟ್ಟಿದಳು. ನೆಲ ಬಾಯಿ ಬಿಡಬಾರದೇ ಅನಿಸಿತು ನನಗೆ.

ಈಗ ನನ್ನ ಮಂಡಿಗೆ ಆಪರೇಷನ್. ಜೊತೆಗೆ ಯಾರಾದರೂ ಬೇಕೇ ಬೇಕು ಎಂದರು ಡಾಕ್ಟರು. ಯಾವ ಮುಖ ಇಟ್ಟುಕೊಂಡು ಅವಳನ್ನು ಕೇಳಲಿ? ಮೊದಲು ನಿಜ ಹೇಳಿಬಿಡಬೇಕು ಎಂದು ನಿನ್ನೆಯವರೆಗೂ ಬಾಯಿಪಾಠ ಮಾಡುತ್ತಿದ್ದೆ.

ನಿನ್ನೆ ಸಂಜೆ ಡ್ಯೂಟಿ ಮುಗಿಸಿ ಬಂದವಳೇ ಫೋನ್ ನನ್ನ ಕೈಗಿಟ್ಟಳು. ಕೋರಿಕೆ ಪುಸ್ತಕದ ಫೋಟೋ. ನನ್ನ ಆಪರೇಷನ್ ದಿನದಿಂದ ಒಂದು ವಾರ, ಅವಳ ಹೆಸರು, ‘ಅಕ್ಕ’. ಪಕ್ಕದಲ್ಲಿ ಹೊಸ ಇನ್‌ಚಾರ್ಜ್ ಸಹಿ.

“ಈ ಸಲ ಪೆನ್ನಲ್ಲಿ ಬರ್ದಿದ್ದೀನಿ ಅಕ್ಕ,” ಅಂದಳು.

ಬಾಯಿಪಾಠ ಮಾಡಿದ್ದೊಂದೂ ನೆನಪಾಗಲಿಲ್ಲ. ಅವಳು ಚೀಲ ಕೆಳಗಿಟ್ಟು, ನನ್ನ ಕಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡು, ಎಲ್ಲಿ ಜಾಸ್ತಿ ನೋಯುತ್ತೆ ಅಂತ ಕೇಳಿದಳು.