ಪಿಕೊಲೆಟ್ ಬೆನ್ನು ತಿರುಗಿಸಿದ ಭಾನುವಾರ

ಪರಮಾರಿಬೊ ಪಟ್ಟಣದಲ್ಲಿ ಹಕ್ಕಿಗಳ ಹಾಡಿನ ಪಂದ್ಯದ ತೀರ್ಪು ಎಂದರೆ ಝಿಂಕೂ ಕಾಕನದೇ ಕೊನೆಯ ಮಾತು. ಬಸ್ಸು ಓಡಿಸುತ್ತಿದ್ದ ಕಾಲದಲ್ಲೂ ಪಕ್ಕಕ್ಕೊಂದು ಪಂಜರ ನೇತುಹಾಕಿಕೊಂಡೇ ಹೋಗುತ್ತಿದ್ದ ಆಸಾಮಿ. ಹೆಂಡತಿ ಹತ್ತು ಸಲ ಕೂಗಿದರೂ ಅಲುಗುತ್ತಿರಲಿಲ್ಲ, ಹಕ್ಕಿ ಕೊಕ್ಕು ಮಸೆದರೆ ಸಾಕು, ತಿರುಗಿ ನೋಡುತ್ತಿದ್ದ.

ಪಂದ್ಯಕ್ಕೆ ಬರುವ ಪಿಕೊಲೆಟ್ ಮತ್ತು ತ್ವಾತ್ವಾ ಹಕ್ಕಿಗಳು ದಾಯಾದಿಗಳು. ಮರಿಯಾಗಿದ್ದಾಗ ಎರಡೂ ಕಂದು, ಕೊಕ್ಕಿನ ಗಾತ್ರ ನೋಡಿಯೇ ಗುರುತಿಸಬೇಕು. ಬೆಳೆದ ಪಿಕೊಲೆಟ್ ಗಂಡಿಗೆ ಕೆಂಗಂದು ಹೊಟ್ಟೆ, ಸಣ್ಣ ಕೀರಲು ದನಿ, ವಿಪರೀತ ಬಾಯಿ. ತ್ವಾತ್ವಾ ಮೈಯೆಲ್ಲ ಕಪ್ಪು, ದನಿ ದಪ್ಪ, ಮನಸ್ಸು ಬಂದಾಗ ಮಾತ್ರ ಹಾಡುತ್ತದೆ. ಈ ವ್ಯತ್ಯಾಸವೇ ಕಾಕನ ಕುತ್ತಿಗೆಗೆ ಬಂದಿತ್ತು. ಮೂವತ್ತು ವರ್ಷ ಇಂಜಿನ್ನಿನ ಪಕ್ಕ ಕೂತ ಕಿವಿಗೆ ತ್ವಾತ್ವಾ ಕೇಳಿಸುತ್ತಿತ್ತು, ಪಿಕೊಲೆಟ್ ಕೇಳಿಸುತ್ತಿರಲಿಲ್ಲ. ಹಾಡಿಗೊಂದರಂತೆ ಹಲಗೆಯ ಮೇಲೆ ಗೆರೆ ಎಳೆಯಬೇಕಾದವನು ಹಕ್ಕಿಯ ಗಂಟಲು ಅಲುಗುವುದನ್ನು ನೋಡಿ ಎಳೆಯುತ್ತಿದ್ದ. ಯಾರಿಗಾದರೂ ಗೊತ್ತಾದರೆ ಮಾನ ಹೋದಂತೆಯೇ ಎಂದು ಪ್ರತಿ ಭಾನುವಾರ ಅಂಜುತ್ತಿದ್ದ.

ಆ ಬೆಳಿಗ್ಗೆ ರಿಯಾಜನ ಪಿಕೊಲೆಟ್ ಅವನಿಗೆ ಬೆನ್ನು ತಿರುಗಿಸಿ ಕೂತುಬಿಟ್ಟಿತು. ದನಿಯೂ ಇಲ್ಲ, ಗಂಟಲೂ ಇಲ್ಲ. ಬೆವರಿಗೆ ಕೈಯಲ್ಲಿದ್ದ ಸೀಮೆಸುಣ್ಣ ಒದ್ದೆಯಾಯಿತು. ಪಕ್ಕದಲ್ಲಿ ಇನ್ನೊಬ್ಬ ತೀರ್ಪುಗಾರ, ಹಳೆಯ ಗೆಳೆಯ ವೆನ್ಸ್‌ಲಿ, ತನ್ನ ಹಲಗೆಯಲ್ಲಿ ಗೆರೆ ಎಳೆಯುತ್ತಿದ್ದ. ಕಾಕ ಓರೆಗಣ್ಣಲ್ಲಿ ನೋಡಿ ತಾನೂ ಎಳೆದ. ಒಂದು, ಎರಡು... ಏಳು. ವೆನ್ಸ್‌ಲಿ ತಪ್ಪಿ ಎಳೆದ ಗೆರೆಯೊಂದನ್ನು ಹೆಬ್ಬೆರಳಿನಿಂದ ಅಳಿಸಿದ. ಕಾಕನೂ ಅಳಿಸಿದ.

"ಏನ್ ಕಾಕಾ, ನನ್ ಹಕ್ಕಿ ಹಾಡಿದ್ದನ್ನ ವಾಪಸ್ ನುಂಗ್ತಾ?" ಎಂದ ರಿಯಾಜ್.

ಸುತ್ತ ನಿಂತವರು ಗೊಳ್ಳೆಂದರು. ಕಾಕ ಹಲಗೆಯನ್ನು ಕೆಳಗಿಟ್ಟ.

"ನಂಗೆ ಕೇಳಿಸ್ತಿಲ್ಲ ಕಣೋ ವೆನ್ಸ್‌ಲಿ. ಎರಡು ವರ್ಷ ಆಯ್ತು."

ನಗು ನಿಂತಿತು.

"ಮಹಾ ಕಳ್ಳ ನೀನು! ಬಾಯ್ಬಿಟ್ಟು ಹೇಳೋಕೇನಾಗಿತ್ತು ರೋಗ?" ಬೈಯುತ್ತಲೇ ವೆನ್ಸ್‌ಲಿ ಅವನ ರಟ್ಟೆ ಹಿಡಿದು ಕರೆದೊಯ್ದು ತ್ವಾತ್ವಾ ಪಂಜರದ ಮುಂದೆ ಕೂರಿಸಿದ. "ಇದನ್ನಾದ್ರೂ ನೆಟ್ಟಗೆ ಕೇಳು."

ಕಾಕ ಕಣ್ಣು ಮುಚ್ಚಿ ಕಿವಿಗೊಟ್ಟ. ಏನೂ ಇಲ್ಲ. ಇನ್ನಷ್ಟು ಹೊತ್ತು ಕಾದ. ಏನೂ ಇಲ್ಲ. ಇದೂ ಹೋಯಿತೇ? ಕಣ್ಣು ತೆರೆದು ಹಕ್ಕಿಯ ಗಂಟಲು ನೋಡುವ ಧೈರ್ಯ ಬರಲಿಲ್ಲ.

"ವೆನ್ಸ್‌ಲಿ... ಹಾಡ್ತಾ ಇದೆಯೇನೋ?"

"ಎಲ್ಲಿ ಹಾಡ್ತದೆ? ಬೀಜ ತಿಂತಾ ಕೂತಿದೆ, ಸೋಮಾರಿ."

ಹಾಡದ ಹಕ್ಕಿಗೆ ಝಿಂಕೂ ಕಾಕ ಎರಡೂ ಕೈ ಎತ್ತಿ ಮುಗಿದ.