ಬೆಂದ ಬೇರು

ಕಳೆದ ಬೇಸಿಗೆಯಲ್ಲಿ ಒಂದು ದಿನ, ಹಾರೋಹಳ್ಳಿಯ ನಮ್ಮ ಫ್ಯಾಕ್ಟರಿಯ ಕ್ಯಾಂಟೀನಿನ ಹೊರಗೆ ಕೆಲಸದ ಹೆಂಗಸೊಬ್ಬಳು ಪಾತ್ರೆಯಲ್ಲಿ ಉಳಿದಿದ್ದ ಕುದಿನೀರನ್ನು ಬಾಗಿಲ ಪಕ್ಕದ ಕ್ರೋಟನ್ ಕುಂಡಕ್ಕೆ ಸುರಿದಳು. ಕುಂಡದಿಂದ ಆವಿ ಎದ್ದಿತು. ಅದರ ಹಿಂದೆಯೇ ಒಂದು ವಾಸನೆ ಬಂತು, ಕಾದ ಮಣ್ಣಿನದು, ಅದರೊಳಗೆ ಸೊಪ್ಪು ಬೆಂದ ಹಾಗೆ ಇನ್ನೇನೋ. ನನ್ನ ಕೈಯಲ್ಲಿದ್ದ ಟೀ ಲೋಟ ನೆಲಕ್ಕೆ ಬಿತ್ತು. "ಅಯ್ಯೋ, ಸುರೀಬೇಡ!" ಎಂದು ನಾನು ಕೂಗಿದ ದನಿಗೆ ಕ್ಯಾಂಟೀನಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಹೆಂಗಸು ಬೆದರಿ, "ಬರೀ ನೀರು ಕಣ್ ಮೇಡಂ, ಇನ್ನೇನೂ ಅಲ್ಲ" ಎಂದಳು. ಇಪ್ಪತ್ತು ವರ್ಷದ ಹಿಂದೆ ಕುದೂರಿನ ನಮ್ಮ ಮನೆಯ ತಾರಸಿಯ ಮೇಲೆ ನಾನು ಸುರಿದದ್ದೂ ಬರೀ ನೀರೇ.

ಆ ಮನೆಯಲ್ಲಿ ನಾವು ಏಳು ಜನ ಇದ್ದೆವು. ಅಜ್ಜಿ, ಅಪ್ಪ, ಅವ್ವ, ನಾನು, ನನಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ ಸುಧಾ, ಆಮೇಲೆ ಚಿಕ್ಕಪ್ಪ, ಚಿಕ್ಕಮ್ಮ. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಚಿಕ್ಕಪ್ಪ ಪುಟ್ಟಸ್ವಾಮಿ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಸುಟ್ಟುಹೋದ ಮೋಟಾರುಗಳಿಂದ ಬಿಚ್ಚಿದ ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಒಂದು ಪ್ರದರ್ಶನದಲ್ಲಿ ತಟ್ಟೆಯಷ್ಟಗಲದ ಕುಂಡದಲ್ಲಿ ಮುದಿ ಆಲದ ಮರ ನಿಂತಿದ್ದನ್ನು ನೋಡಿ ಬಂದವನು, ತಿಂಗಳುಗಟ್ಟಲೆ ಅದೇ ಮಾತಾಡಿದನಂತೆ. ಆಮೇಲೆ ಡಿಪೋದ ನೀರಿನ ತೊಟ್ಟಿಯ ಬಿರುಕಿನಲ್ಲಿ ಹುಟ್ಟಿದ್ದ ಅರಳಿಯನ್ನು ಬೇರುಸಮೇತ ಬಿಡಿಸಿ ತಂದ. ನನಗೆ ಬುದ್ಧಿ ಬರುವ ಹೊತ್ತಿಗೆ ತಾರಸಿಯ ಮೇಲೆ ಏಳು ಮರಗಳಿದ್ದವು. ಅರಳಿ, ಬಸರಿ, ಅತ್ತಿ, ಎರಡು ಆಲ, ಒಂದು ಬೇಲ, ಮತ್ತೆ ಆ ಹುಣಸೆ. ಹುಣಸೆ ನನಗಿಂತ ಏಳು ವರ್ಷ ದೊಡ್ಡದು, ಎತ್ತರ ಮಾತ್ರ ಒಂದು ಮೊಳ. ಕಾಂಡದ ಮೇಲೆ ದೊಡ್ಡ ಮರಕ್ಕಿರುವ ಹಾಗೆಯೇ ಒಡಕು ತೊಗಟೆ. ಒಂದು ವರ್ಷ ಅದು ಬೆರಳುದ್ದದ ಮೂರು ಕಾಯಿ ಬಿಟ್ಟಾಗ ಚಿಕ್ಕಪ್ಪ ಬೀದಿಯವರನ್ನೆಲ್ಲ ಕರೆದು ತೋರಿಸಿದ್ದ.

ಯುಗಾದಿ ಕಳೆದು ಚಿಗುರು ಹೊರಟಿತೆಂದರೆ ದಸರೆಯ ತನಕ ಅವನ ಜೀವ ತಾರಸಿಯ ಮೇಲೇ. ಉಗುರಿನಲ್ಲಿ ಚಿಗುರಿನ ತುದಿ ಚಿವುಟುವುದು, ಎಲ್ಲ ಮಗ್ಗುಲಿಗೂ ಬಿಸಿಲು ಸಿಗಲೆಂದು ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುವುದು, ನಾತ ಹೊಡೆಯುವ ಕಡಲೆಕಾಯಿ ಹಿಂಡಿಯ ನೀರನ್ನು ಸೌಟಿನಲ್ಲಿ ಬಿಡುವುದು. ಮಳೆ ಶುರುವಾದರೆ ಕೊಂಬೆ ದಿನದಿನಕ್ಕೂ ದಪ್ಪವಾಗುತ್ತದೆ, ಬಗ್ಗಿಸಲೆಂದು ಸುತ್ತಿದ ತಂತಿ ತೊಗಟೆಯೊಳಕ್ಕೆ ಇಳಿದುಬಿಡುತ್ತದೆ. ಅದಕ್ಕೆ ಅವನು ಕೆಲಸಕ್ಕೆ ಹೊರಡುವ ಮುಂಚೆ ಪ್ರತಿ ಕೊಂಬೆಯನ್ನೂ ಬೆರಳಿನಲ್ಲಿ ಸವರಿ ನೋಡುತ್ತಿದ್ದ. "ಈ ಕಾಲ್ದಲ್ಲಿ ಗಿಡ ಮಾತು ಕೇಳ್ತದೆ ಕಣವ್ವ. ಚಳೀಲಿ ಎಷ್ಟು ಕೂಗುದ್ರೂ ಕಿವುಡು" ಎನ್ನುತ್ತಿದ್ದ. ತಾರಸಿಗೆ ನಲ್ಲಿ ಇರಲಿಲ್ಲ. ಬೇಸಿಗೆಯಲ್ಲಿ ಎರಡು ಹೊತ್ತೂ ಕೊಡದಲ್ಲಿ ನೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದವಳು ಚಿಕ್ಕಮ್ಮ. ಆಕೆ ಏದುಸಿರು ಬಿಡುತ್ತ ಕೊಡ ಇಳಿಸುವುದು, ಚಿಕ್ಕಪ್ಪ ಚೊಂಬಿನಲ್ಲಿ ಮೊಗೆದು ಕೈ ಅಡ್ಡ ಹಿಡಿದು ಬೆರಳ ಸಂದಿಯಿಂದ ನೀರು ಬಿಡುವುದು, ಒದ್ದೆ ಮಣ್ಣಿನ ತಂಪು, ಇವೆಲ್ಲ ಸೇರಿ ನನ್ನ ಪಾಲಿಗೆ ಬೆಳಗೆಂದರೆ ಅದೇ ಆಗಿತ್ತು.

ಅಜ್ಜಿಗೆ ಆ ಮರಗಳನ್ನು ಕಂಡರೆ ಆಗುತ್ತಿರಲಿಲ್ಲ. "ದೇವ್ರು ಮುಗಿಲಿಗೆ ಬೆಳೀಲಿ ಅಂತ ಕಳ್ಸಿರೋ ಮರಾನ ಕಟ್ಟಾಕ್ಬುಟ್ರೆ ಮನೇಲಿ ಮಕ್ಳು ಎಲ್ ಬೆಳೀತವೆ?" ಎನ್ನುತ್ತಿದ್ದಳು. ಮೊದಮೊದಲು ಆ ಮಾತು ಚಿಕ್ಕಮ್ಮನ ಬರಿದು ಮಡಿಲಿಗೆ ತಾಗುತ್ತಿತ್ತು. ಚಿಕ್ಕಮ್ಮ ತಲೆ ತಗ್ಗಿಸಿ ಒಳಕ್ಕೆ ಹೋಗುತ್ತಿದ್ದಳು. ಆಮೇಲೆ ಅದು ನನ್ನ ಕಡೆ ತಿರುಗಿತು. ನಾನು ಗಿಡ್ಡಿ. ಹನ್ನೊಂದು ತುಂಬಿದರೂ ಮೂರನೇ ಕ್ಲಾಸಿನವರ ಸಾಲಿನಲ್ಲಿ ನಿಲ್ಲಿಸಿದರೆ ಗೊತ್ತಾಗುತ್ತಿರಲಿಲ್ಲ. ಆ ವರ್ಷ ಶಾಲೆ ಶುರುವಾಗುವ ಮುಂಚೆ ಟೈಲರ್ ನಮ್ಮಿಬ್ಬರ ಅಳತೆ ತೆಗೆದುಕೊಂಡು, ಟೇಪನ್ನು ಕೊರಳಿಗೆ ಹಾಕಿಕೊಂಡು ಅವ್ವನಿಗೆ ಹೇಳಿದ: "ದೊಡ್ಡವ್ಳಿಗೆ ಹೊಲ್ಸೋದೇ ಬ್ಯಾಡ ಬುಡಿ. ಚಿಕ್ಕವ್ಳು ಹೋದ್ ವರ್ಷ ಹಾಕ್ಕತಿದ್ದಿದ್ದೇ ಇವ್ಳಿಗಾಯ್ತದೆ." ಅಕ್ಕನ ಬಟ್ಟೆ ತಂಗಿಗೆ ಬರುವುದು ಲೋಕರೂಢಿ. ನನಗೆ ತಂಗಿಯ ಹಳೆಯ ಬಟ್ಟೆ ಬಂತು. ಮನೆಗೆ ಬಂದು ಅದನ್ನು ಹಾಕಿಕೊಂಡು ನಿಂತಾಗ ಅಜ್ಜಿ ನೋಡಿ ಅತ್ತೇಬಿಟ್ಟಳು. "ನೋಡ್ಲಾ ಪುಟ್ಟಸ್ವಾಮಿ, ನಿನ್ ಹುಣ್ಸೆ ಮರ ಈ ಕೂಸ್ನ ಎಂಗೆ ಹಿಡ್ಕಂಡದೆ!" ಚಿಕ್ಕಪ್ಪ, "ಸುಮ್ಕಿರವ್ವ, ಅದಕ್ಕೂ ಇದಕ್ಕೂ ಏನ್ ಸಂಬಂಧ?" ಎಂದು ಗದರಿ ಮೇಲಕ್ಕೆ ಹೋದ. ನಾನು ಮಾತ್ರ ಅಜ್ಜಿಯ ಮಾತನ್ನೇ ನಂಬಿದೆ.

ಎರಡು ದಿನದ ಮೇಲೆ ಚಿಕ್ಕಮ್ಮ ಕನಕಪುರದ ತವರಿಗೆ ಹೋದಳು. ಚಿಕ್ಕಪ್ಪ ಡ್ಯೂಟಿಯಲ್ಲಿದ್ದ, ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬಚ್ಚಲ ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಒಂದು ಚೊಂಬು ಮೊಗೆದು, ಲಂಗದ ತುದಿಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಏಳಕ್ಕೂ ಸುರಿಯಬೇಕೆಂದೇ ಹೊರಟಿದ್ದೆ. ಮೊದಲು ಹುಣಸೆಗೆ ಸುರಿದೆ. ಆವಿ ಮುಖಕ್ಕೆ ಬಡಿಯಿತು, ಮಣ್ಣು ಸುಯ್ ಎಂದಿತು, ಚೊಂಬು ಜಾರಿ ಉಳಿದ ನೀರು ನನ್ನ ಎಡಗೈ ಮೇಲೆ ಬಿತ್ತು. ಕಿರುಚಿಕೊಳ್ಳದೆ ತುಟಿ ಕಚ್ಚಿ ಕೆಳಗಿಳಿದೆ. ಅವ್ವನಿಗೆ ಹಂಡೆ ತಾಗಿತು ಎಂದೆ.

ಹುಣಸೆಯ ಎಲೆಗಳು ದಿನಾ ಸಂಜೆ ಮಡಚಿಕೊಂಡು ಬೆಳಗ್ಗೆ ಬಿಚ್ಚುತ್ತವೆ. ಅವತ್ತು ಸಂಜೆ ಮಡಚಿದವು ಮಾರನೆಯ ಬೆಳಗ್ಗೆ ಬಿಚ್ಚಲಿಲ್ಲ. "ಯಾಕೋ ಇನ್ನೂ ಎದ್ದೇ ಇಲ್ವಲ್ಲ ಇದು" ಎಂದು ಚಿಕ್ಕಪ್ಪ ನಕ್ಕ. ಮಧ್ಯಾಹ್ನದ ಹೊತ್ತಿಗೆ ನಗಲಿಲ್ಲ. ಮೂರನೆಯ ದಿನ ಎಲೆಗಳೆಲ್ಲ ಜರಿ ಉದುರಿದ ಹಾಗೆ ಉದುರಿ ನೆಲ ಮುಚ್ಚಿತು. ಹದಿನೆಂಟು ವರ್ಷ ಬದುಕಿದ ಜೀವ ಒಂದು ಚೊಂಬು ನೀರಿಗೆ ಮೂರೇ ದಿನದಲ್ಲಿ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಸುರಿದರೆ ಅದು ನನಗೆ ಹಾಕಿದ ಕಟ್ಟು ಬಿಚ್ಚಿ ಹೋಗುತ್ತದೆ ಎಂದುಕೊಂಡಿದ್ದೆನೇ ಹೊರತು, ಸಾಯುತ್ತದೆ ಎಂಬುದನ್ನು ಸಾಯುವವರೆಗೂ ಯೋಚಿಸಿರಲಿಲ್ಲ. ಚಿಕ್ಕಪ್ಪ ಕುಂಡವನ್ನು ಓರೆ ಮಾಡಿ ಮರವನ್ನು ಮಣ್ಣಿನ ಹೆಂಟೆಸಮೇತ ಹೊರಗೆಳೆದ. ಆ ವಾಸನೆ ಬಂತು. ಬೇರೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಬೇಯಿಸಿದ ಕಡಲೆಕಾಯಿಯ ಸಿಪ್ಪೆಯ ಹಾಗೆ ಅದರ ತೊಗಲು ಜಾರಿ ಬಂತು. ಅವನು ಅದನ್ನು ಮೂಸಿದ. ಆಮೇಲೆ ನಿಧಾನವಾಗಿ ತಲೆಯೆತ್ತಿದ, ನನ್ನ ಮುಖ ನೋಡಲಿಲ್ಲ, ಬಟ್ಟೆ ಸುತ್ತಿದ್ದ ನನ್ನ ಕೈ ನೋಡಿದ.

ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿದೆ. ಅವನು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. "ಉರೀತದಾ ಮಗಾ?" ಎಂದ. ನಾನು ತಲೆಯಾಡಿಸಿದೆ. ಮಣ್ಣು ಮೆತ್ತಿದ್ದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಬೊಬ್ಬೆಯ ಮೇಲೆ ಬಾಯಿಂದ ಗಾಳಿ ಊದಿದ. ಇನ್ನೇನೂ ಕೇಳಲಿಲ್ಲ. ಆ ಭಾನುವಾರ ಲಗೇಜ್ ಆಟೋ ಕರೆಸಿ ಉಳಿದ ಆರನ್ನೂ ಮಾಗಡಿಯ ಒಂದು ನರ್ಸರಿಗೆ ಕೊಟ್ಟುಬಂದ. ತಾರಸಿಯ ಮೇಲೆ ರಾಗಿ ಒಣಗಿಸತೊಡಗಿದರು. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ನಾನು ಸುಧಾಳ ಸಮಕ್ಕೆ ಬೆಳೆದೆ, ಎಲ್ಲ ಮಕ್ಕಳೂ ಬೆಳೆಯುವ ಹಾಗೆ. ಅಜ್ಜಿ ತಾನು ಹೇಳಿದ್ದೇ ಸರಿ ಎನ್ನುತ್ತ ಸತ್ತಳು.

ಬಾಯಿ ಬಿಟ್ಟು ಹೇಳಲು ನನಗೆ ಹದಿನೆಂಟು ವರ್ಷ ಹಿಡಿಯಿತು. ಚಿಕ್ಕಪ್ಪನ ಕಿಡ್ನಿ ಹೋಗಿ ವಾರಕ್ಕೆರಡು ಸಲ ರಾಮನಗರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ದಿನಗಳವು. ಮಂಚದ ಪಕ್ಕ ಕೂತು, "ಚಿಕ್ಕಪ್ಪ, ಹುಣ್ಸೆಗೆ ಬಿಸ್ನೀರು ಸುರ್ದೋಳು ನಾನು" ಎಂದೆ.

"ಗೊತ್ತು ಕಣವ್ವ. ಬೇರು ಬೆಂದೋಗಿದ್ವಲ್ಲ."

"ಮತ್ತೆ ಯಾಕೆ ಬೈಲಿಲ್ಲ?"

"ನಮ್ಮವ್ವನ ಬಾಯಿ ಮುಚ್ಚಿಸ್ತಿದ್ನೇ ಹೊರ್ತು, ನನಗೂ ಒಳಗೊಳಗೆ ಒಸಿ ಭಯ ಇತ್ತು. ನೀನು ಮಧ್ಯಾಹ್ನ ಮಲಗಿದ್ದಾಗ ದಾರ ಹಿಡ್ದು ನಿನ್ನ ಅಳೀತಿದ್ದೆ. ಮೂರ್ ತಿಂಗ್ಳು ಅಳ್ದೆ, ದಾರ ಅಷ್ಟೇ ಇತ್ತು. ಮರಗಳ್ನ ಯಾರ್ಗಾರ ಕೊಟ್ಬುಡನ ಅಂದ್ಕಂಡೆ. ಮನ್ಸು ಬರ್ನಿಲ್ಲ." ಉಸಿರು ತೆಗೆದುಕೊಂಡ. "ನಾನು ಮಾಡ್ಬೇಕಾದ್ದ ನಿನ್ ಕೈಲಿ ಮಾಡುಸ್ಬುಟ್ಟೆ. ಕೈ ಸುಟ್ಕಂಡಿದ್ದು ನೀನು."

ಅಷ್ಟು ವರ್ಷ ತಪ್ಪು ನನ್ನದೊಬ್ಬಳದೇ ಎಂದುಕೊಂಡಿದ್ದೆ. ಅವನೂ ಅದನ್ನೇ ತನ್ನದೆಂದು ಹೊತ್ತು ತಿರುಗಿದ್ದ. ಮುಂದಿನ ಕಾರ್ತೀಕದಲ್ಲಿ ಅವನು ಹೋದ. ಮನೆ ಮಾರಿ ಪಾಲು ಮಾಡಿಕೊಂಡರು, ಕೊಂಡವರು ಕೆಡವಿ ಮೂರಂತಸ್ತು ಕಟ್ಟಿದರು. ಚಿಕ್ಕಮ್ಮ ಕನಕಪುರಕ್ಕೆ, ತಮ್ಮನ ಮನೆಗೆ ಹೋದಳು.

ಕ್ಯಾಂಟೀನಿನಲ್ಲಿ ಲೋಟ ಬಿದ್ದ ವಾರವೇ ಆಕೆಯನ್ನು ನೋಡಲು ಹೋದೆ. ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ನನ್ನ ಪಾಲಿನದನ್ನು ಹೇಳಿದೆ, ಚಿಕ್ಕಪ್ಪ ಹೇಳಿದ್ದನ್ನೂ ಹೇಳಿದೆ. ಆಕೆಯ ಕೈಯಲ್ಲಿ ಮೊರ ನಿಂತುಹೋಯಿತು.

"ಮರಕ್ಕೆ ಹುಳ ಬಿತ್ತು ಅಂದಿದ್ರಲ್ಲ ನಿನ್ ಚಿಕ್ಕಪ್ಪ ನಂಗೆ" ಎಂದಳು.

"ನನ್ನ ಉಳಿಸೋಕೆ ಹಾಗಂದಿರಬೇಕು ಚಿಕ್ಕಮ್ಮ."

"ನಾನು ತವರಿಗ್ ಬಂದಿದ್ದೆ ಅವಾಗ. ಮೂರ್ ದಿನ ಇದ್ದು ಹೋಗೋಷ್ಟ್ರಲ್ಲಿ ಮರ ಇರ್ನಿಲ್ಲ. ನೀರ್ ಹೊರೋಳು ನಾನು, ನಾನಿಲ್ದಿದ್ಕೇ ಹೋಯ್ತು ಅಂದ್ಕಂಡೆ." ಮೊರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾ ಬುಟ್ಬಂದ್ರೆ ಅಲ್ಲಿ ಇನ್ನೇನ್ ಹೋಯ್ತದೋ ಅಂತ, ಆಮ್ಯಾಕೆ ಒಂದ್ ದಿನಾನೂ ಇಲ್ಲಿ ಉಳ್ಕಳ್ನಿಲ್ಲ ಕಣೆ. ನಮ್ಮವ್ವ ಹಾಸಿಗೆ ಹಿಡ್ದು, ಒಂದೇ ಒಂದಿನ ಇದ್ದೋಗು ಅಂತ ಹೇಳ್ಕಳಿಸಿದ್ಲು. ಬಂದು ನೋಡ್ಕಂಡು ಸಂಜೆ ಬಸ್ಸಿಗೆ ಹೊಂಟೋದೆ. ಮಾರ್ನೇ ದಿನ ಅವ್ಳು ತೀರ್ಕಂಡ್ಲು."

ನಾನು ಆಕೆಯ ಕಾಲ ಬಳಿ ಕೂತೆ. ಆಕೆ ನನ್ನನ್ನು ಬೈಯಲಿಲ್ಲ, ತಲೆಯನ್ನೂ ಸವರಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಚಿಕ್ಕಮ್ಮ ಮೊರವನ್ನು ಕೆಳಗಿಟ್ಟು, ಒಳಗಿನ ಕೋಣೆಯ ಕಡೆ ಕೈ ತೋರಿಸಿ, "ಅಲ್ಲೇ ಮಲಗಿದ್ಲು ನಮ್ಮವ್ವ" ಎಂದಳು.