ಎಂಬತ್ತೈದಕ್ಕೆ ಫೇಲಾದ ಮುದ್ದೆ ಮೆಸ್ಸು

ಬಿಳಿಕೆರೆ ಬಸ್‌ಸ್ಟಾಪಿನ ಎದುರಿಗೆ ನನ್ನ ಜೆರಾಕ್ಸ್ ಅಂಗಡಿ. ಪಕ್ಕದ ಮಳಿಗೆಯಲ್ಲಿ ಯತೀಶನ ಮುದ್ದೆ ಮೆಸ್ಸು. ಎರಡರ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು. ಹಾಗಾಗಿ ಅವರ ಮನೆಯ ಒಗ್ಗರಣೆ, ಜಗಳ ಎರಡೂ ನನಗೆ ಪುಕ್ಕಟೆ. ಯತೀಶನ ವಿಷಯ ಬರೆಯಲು ನನಗಿರುವ ಯೋಗ್ಯತೆ ಇಷ್ಟೇ.

ಯತೀಶ ಹನ್ನೊಂದು ವರ್ಷ ಹಡಗಿನಲ್ಲಿದ್ದವನು. ಹಡಗು ಎಂದ ತಕ್ಷಣ ಬಿಳಿ ಟೋಪಿ, ದುರ್ಬೀನು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಅವನು ಪಾತ್ರೆ ತೊಳೆಯುತ್ತಿದ್ದ. ಮೂರು ಸಾವಿರ ಜನ ಮೋಜಿಗೆ ಹೋಗುವ ಹಡಗಿನ ಹೊಟ್ಟೆಯೊಳಗೆ, ಕಿಟಕಿಯೇ ಇಲ್ಲದ ಅಡುಗೆಮನೆಯಲ್ಲಿ, ಹನ್ನೊಂದು ವರ್ಷ ತೊಳೆದ. ಸಮುದ್ರ ಹೇಗಿರುತ್ತದೆ ಎಂದು ಊರಿನವರು ಕೇಳಿದರೆ, "ಎಲ್ ನೋಡ್ದೆ ಕಣಣ್ಣ, ನಾ ಕಂಡಿದ್ದೆಲ್ಲಾ ಸೋಪಿನ ನೀರು" ಎನ್ನುತ್ತಾನೆ. ಕೊರೋನಾ ಬಂದು ಹಡಗುಗಳೆಲ್ಲ ನಿಂತಾಗ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಹೆಂಡತಿ ಪವಿತ್ರಳ ಕೈರುಚಿ ನಂಬಿಕೊಂಡು ಇಪ್ಪತ್ತೆರಡು ಜನ ಕೂರುವ ಮೆಸ್ ಹಾಕಿದ. ಉಪ್ಸಾರು, ಬಸ್ಸಾರು, ಭಾನುವಾರ ನಾಟಿಕೋಳಿ. ಅವಳು ಬೇಯಿಸುವುದು, ಇವನು ಬಡಿಸಿ ತೊಳೆಯುವುದು.

ಹಡಗಿನಿಂದ ಅವನು ತಂದದ್ದು ಒಂದು ಸೂಟ್‌ಕೇಸು ಮತ್ತು ಒಂದು ಹುಚ್ಚು. ಸೂಟ್‌ಕೇಸಿನ ಚಕ್ರ ದಾರಿಯಲ್ಲೇ ಮುರಿಯಿತು. ಹುಚ್ಚು ಗಟ್ಟಿಯಾಗಿತ್ತು.

ಅವನು ಹೇಳುವುದು ಹೀಗೆ. ಮೋಜಿನ ಹಡಗು ಅಮೆರಿಕದ ಬಂದರಿಗೆ ಬಂದು ನಿಂತರೆ ಅಲ್ಲಿನ ಸರ್ಕಾರದ ಆರೋಗ್ಯದವರು ಹೇಳದೆ ಕೇಳದೆ ಹತ್ತುತ್ತಾರೆ. ಫ್ರಿಜ್ಜಿನ ಬಾಗಿಲ ರಬ್ಬರಿನಿಂದ ಹಿಡಿದು ಅಡುಗೆಯವನ ಉಗುರಿನವರೆಗೆ ನೋಡಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. ಎಂಬತ್ತಾರು ಬಂದರೆ ಪಾಸು, ಎಂಬತ್ತೈದಾದರೆ ಫೇಲು. ಫೇಲಾದದ್ದನ್ನು ಮುಚ್ಚಿಡುವ ಹಾಗಿಲ್ಲ, ಇಂಟರ್‌ನೆಟ್ಟಿಗೆ ಹಾಕಿ ಜಗತ್ತಿಗೆಲ್ಲ ತೋರಿಸುತ್ತಾರೆ. ಇಷ್ಟರವರೆಗೆ ನನಗೂ ಒಪ್ಪಿಗೆ. ತಲೆಗೆ ಹತ್ತದಿದ್ದದ್ದು ಫೀಸಿನ ವಿಚಾರ. ತಪಾಸಣೆ ಮಾಡಿಸಿಕೊಂಡ ತಪ್ಪಿಗೆ ಹಡಗಿನವರೇ ಸರ್ಕಾರಕ್ಕೆ ದುಡ್ಡು ಕಟ್ಟಬೇಕಂತೆ! ಹಡಗಿನ ಗಾತ್ರ ನೋಡಿ ರೇಟು. ಪಾಸಾದರೂ ಅಷ್ಟೇ, ಫೇಲಾದರೂ ಅಷ್ಟೇ. ಫೇಲಾಗಿ ಮತ್ತೆ ಕರೆಸಿಕೊಂಡರೆ ಮತ್ತೆ ಕಟ್ಟಬೇಕು.

"ಬೈಸ್ಕೊಳಾಕೆ ನಾವೇ ಕಾಸು ಕೊಡಾದೇನ್ಲಾ?" ಎಂದೆ.

"ಅಲ್ಲೇ ಇರಾದು ಕಣಣ್ಣ ಮರ್ಮ. ಪಾಸಾದ್ರೂ ಅಷ್ಟೇಯ, ಫೇಲಾದ್ರೂ ಅಷ್ಟೇಯ. ಅಂದ್ಮೇಲೆ ಅವ್ನಿಗೆ ನಮ್ ಮುಖ ಯಾಕ್ ಬೇಕು? ನಮ್ ಪಾತ್ರೆ ನೋಡ್ತಾನೆ, ಓಯ್ತಾನೆ."

ಈ ಹುಚ್ಚು ಹಿಡಿಯಲು ಒಂದು ಕಾರಣವಿತ್ತು. ಅದನ್ನು ಅವನು ನನಗೆ ಹೇಳಿದ್ದು ಒಂದೇ ಸಲ, ಅದೂ ಬೇರೆ ಕಡೆ ನೋಡಿಕೊಂಡು. ಒಂದು ಬೆಳಿಗ್ಗೆ ಅಧಿಕಾರಿಗಳು ಹತ್ತಿದರು ಎಂಬ ಸುದ್ದಿ ಬಂದದ್ದೇ ತಡ, ದೊಡ್ಡ ಅಡುಗೆಯವನು ಹಿಂದಿನ ದಿನದ ಮಾಂಸದ ನಾಲ್ಕು ಟ್ರೇಗಳನ್ನು ಯತೀಶನ ಕೈಗೆ ಕೊಟ್ಟು ನಿನ್ನ ರೂಮಿನಲ್ಲಿ ಅಡಗಿಸು ಎಂದನಂತೆ. ಇವನು ಟ್ರೇಗಳನ್ನು ಹಾಸಿಗೆ ಕೆಳಗೆ ತಳ್ಳಿ, ಮೇಲೆ ಜ್ವರ ಬಂದವನಂತೆ ಮಲಗಿದ. ಹಡಗಿಗೆ ತೊಂಬತ್ತನಾಲ್ಕು ಬಂತು, ಎಲ್ಲರಿಗೂ ಕೇಕು ಹಂಚಿದರು. ಆಮೇಲೆ ಆ ಮಾಂಸ ಮತ್ತೆ ಊಟದ ಮೇಜಿಗೇ ಹೋಯಿತು. "ತಟ್ಟೆ ಎತ್ಕಂಡ್ ಬರಾಕೆ ಓಗಿದ್ದಾಗ ಅದ ತಿಂದೋರ ಮುಖ ನೋಡ್ದೆ ಕಣಣ್ಣ. ಪಾಪ, ನಗ್ತಾ ತಿಂತಿದ್ರು" ಎಂದ.

ಮೆಸ್ ಹಾಕಿದ ಮೊದಲ ತಿಂಗಳೇ ಅವನು ಹಡಗಿನ ನೆನಪಿನಿಂದ ನಲವತ್ತನಾಲ್ಕು ಕಲಮುಗಳ ಪಟ್ಟಿ ಹೇಳುತ್ತ ಹೋದ. ನಾನು ಕನ್ನಡದಲ್ಲಿ ಟೈಪ್ ಮಾಡಿ ಐವತ್ತು ಪ್ರತಿ ತೆಗೆದುಕೊಟ್ಟೆ. ಇನ್ನು ತಪಾಸಣೆಗೆ ಬರುವವರು ಯಾರು? ಮೊದಲು ನನ್ನನ್ನೇ ನೇಮಿಸಿದ. ನಾನು ನೂರಕ್ಕೆ ನೂರು ಕೊಟ್ಟು, ನನ್ನ ತಟ್ಟೆಗೆ ಯಾವಾಗಲೂ ಒಂದು ತುಂಡು ಜಾಸ್ತಿ ಬೀಳುವ ಸಂತೋಷಕ್ಕೆ ಕೆಳಗೆ 'ಅತ್ಯುತ್ತಮ' ಎಂದೂ ಬರೆದೆ. ಅವನು ಕಾಗದವನ್ನು ನನ್ನೆದುರಿಗೇ ಹರಿದು ಹಾಕಿದ. ಒಂದು ತಿಂಗಳು ಭಾನುವಾರದ ನಾಟಿಕೋಳಿಯಲ್ಲಿ ನನ್ನ ತಟ್ಟೆಗೆ ಬರೀ ಕತ್ತಿನ ಭಾಗ ಬಿತ್ತು.

ಕೊನೆಗೆ ಅವನು ಹುಡುಕಿದ್ದು ತನ್ನ ಅತ್ತೆಯನ್ನು. ಪವಿತ್ರಳ ತಾಯಿ ರಾಚಮ್ಮ, ಕೆ.ಆರ್. ನಗರದಾಚೆಯ ಹಳ್ಳಿಯವರು. ಆ ಸೀಮೆಯಲ್ಲಿ ರಾಚಮ್ಮನನ್ನು ಅಡುಗೆಮನೆಗೆ ಬಿಟ್ಟುಕೊಳ್ಳಲು ಜನ ಹೆದರುತ್ತಾರೆ. ಒಂದು ಮದುವೆಯಲ್ಲಿ ಪಾಯಸದ ತಪ್ಪಲೆಗೆ ಮೂಗಿಟ್ಟು, "ನೆನ್ನೆ ಇದ್ರಲ್ಲಿ ಮೀನು ಬೇಯಿಸಿದ್ರಾ?" ಎಂದು ಕೇಳಿ, ಬೀಗರು ಎರಡು ವರ್ಷ ಮಾತು ಬಿಡುವಂತೆ ಮಾಡಿದ ಹೆಂಗಸು. ಓದು ಅಷ್ಟಕ್ಕಷ್ಟೇ. ಯತೀಶ ಒಂದೊಂದೇ ಕಲಮು ಓದಿ ಹೇಳುತ್ತಾನೆ, ಅವರು ನೋಡಿ ಬಂದು ತಪ್ಪಿದ್ದ ಕಡೆ ಗೀಟು ಎಳೆಯುತ್ತಾರೆ. ಸಣ್ಣ ತಪ್ಪಿಗೆ ಒಂದು, ದೊಡ್ಡದಕ್ಕೆ ಐದು. ಫೀಸು ನಾನೂರು ರೂಪಾಯಿ. ಪಾಸಾದರೂ ಅಷ್ಟೇ, ಫೇಲಾದರೂ ಅಷ್ಟೇ ಎಂದು ಮೊದಲ ದಿನವೇ ಅತ್ತೆಗೆ ಪಾಠ ಹೇಳಿದ್ದ. ಬರುವ ದಿನ ಮುಂಚೆ ತಿಳಿಸಬಾರದು ಎಂಬುದೂ ಪಾಠದಲ್ಲಿತ್ತು. ಹೆಂಗಸರಿಗೆ ಬಸ್ಸು ಫ್ರೀ ಆದಮೇಲಂತೂ ರಾಚಮ್ಮ ಯಾವ ದಿನ ಯಾವ ಬಸ್ಸಿನಿಂದ ಇಳಿಯುತ್ತಾರೆ ಎಂದು ದೇವರಿಗೂ ಗೊತ್ತಿರುತ್ತಿರಲಿಲ್ಲ.

ಅಂಕ ಎಷ್ಟೇ ಬರಲಿ, ಮೆಸ್ಸಿನ ಮುಂದೆ ಕಪ್ಪು ಬೋರ್ಡಿನಲ್ಲಿ ಬರೆದು ನಿಲ್ಲಿಸುತ್ತಿದ್ದ. ತೊಂಬತ್ತೊಂದು, ಎಂಬತ್ತೆಂಟು, ತೊಂಬತ್ತು. ಬೋರ್ಡು ನೋಡಿದ ಕೆಲವರು ಇದು ಮೆಸ್ಸೋ ಟ್ಯೂಷನ್ನೋ ಎಂದು ನನ್ನ ಅಂಗಡಿಗೆ ಬಂದು ವಿಚಾರಿಸಿದ್ದಾರೆ.

ಹೀಗೆ ಮೂರು ವರ್ಷ ಕಳೆಯಿತು. ಅಷ್ಟರಲ್ಲಿ ಪವಿತ್ರಳ ಬಲಭುಜ ಹೋಯಿತು. ಮುದ್ದೆ ಎಂದರೆ ಸುಮ್ಮನೆ ಅಲ್ಲ. ಕುದಿಯುವ ನೀರಿಗೆ ರಾಗಿಹಿಟ್ಟು ಹಾಕಿ ಕೋಲಿನಲ್ಲಿ ಗಂಟಿಲ್ಲದಂತೆ ತೊಳಸಬೇಕು. ದಿನಕ್ಕೆ ನೂರು ಮುದ್ದೆ ಎಂದರೆ ತೋಳು ಎಷ್ಟು ದಿನ ತಡೆದೀತು? ಹುಣಸೂರಿನ ಡಾಕ್ಟರು ಆರು ತಿಂಗಳು ಕೋಲು ಮುಟ್ಟಬೇಡಿ ಎಂದಿದ್ದರು. ಅವಳು ಆರು ದಿನವೂ ಬಿಡಲಿಲ್ಲ, ಬಿಡಲು ಆಗಲಿಲ್ಲ. ಕೆಲಸಕ್ಕೆ ಇಬ್ಬರು ಹೆಂಗಸರನ್ನು ಇಟ್ಟುಕೊಳ್ಳುವಷ್ಟು ವ್ಯಾಪಾರ ಇರಲಿಲ್ಲ. ಸಂಜೆ ಹೊತ್ತು ಎಡಗೈಯಲ್ಲಿ ಬಲಭುಜ ಹಿಡಿದುಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಕೇಳಿದರೆ ಏನಿಲ್ಲ ಬುಡಣ್ಣ ಎನ್ನುತ್ತಿದ್ದಳು.

ಆಗ ಬಂತು ಗಾರ್ಮೆಂಟ್ಸ್ ಫ್ಯಾಕ್ಟರಿಯ ಮಾತು. ಹುಣಸೂರು ರಸ್ತೆಯ ಫ್ಯಾಕ್ಟರಿಯೊಂದಕ್ಕೆ ದಿನಾ ಮಧ್ಯಾಹ್ನ ನೂರ ಎಂಬತ್ತು ಊಟ ಕಳಿಸಬೇಕು. ಅಲ್ಲಿನ ಮ್ಯಾನೇಜರ್ ಸೋಮಶೇಖರ್ ಗುರುವಾರ ಬಂದು ನೋಡುತ್ತಾರೆ, ಉಂಡು ತೀರ್ಮಾನ ಹೇಳುತ್ತಾರೆ. ಒಪ್ಪಿದರೆ ಇಬ್ಬರಲ್ಲ, ಮೂವರು ಹೆಂಗಸರನ್ನು ಇಟ್ಟುಕೊಳ್ಳಬಹುದು. ಪವಿತ್ರ ಬಾಯಿಬಿಟ್ಟು ಏನನ್ನಾದರೂ ಆಸೆಪಟ್ಟಿದ್ದನ್ನು ನಾನು ನೋಡಿದ್ದು ಆಗಲೇ. "ಇದೊಂದು ಆಗ್ಬುಟ್ರೆ ಸಾಕು ಕಣಣ್ಣ, ಕೋಲು ಕೆಳಗಿಡ್ತೀನಿ" ಎಂದಳು.

ಬುಧವಾರ ಬೆಳಿಗ್ಗೆ ಮೆಸ್ಸು ರಣರಂಗವಾಗಿತ್ತು. ಮಾರನೆಯ ದಿನಕ್ಕೆಂದು ನಾಲ್ಕು ಬಗೆಯ ಸಾರು ಮಾಡಿ ರುಚಿ ನೋಡುತ್ತಿದ್ದಳು. ಹನ್ನೊಂದು ಗಂಟೆಗೆ ಕೆ.ಆರ್. ನಗರದ ಬಸ್ಸು ನಿಂತಿತು, ರಾಚಮ್ಮ ಇಳಿದರು. ನಾನೇ ಗೋಡೆ ತಟ್ಟಿ ಸುದ್ದಿ ಕೊಟ್ಟವನು, ಸುಳ್ಳು ಹೇಳುವುದಿಲ್ಲ. ಆಚೆ ಕಡೆ ಪಾತ್ರೆಗಳು ದಡಬಡ ಓಡಾಡಿದ ಸದ್ದಾಯಿತು.

ರಾಚಮ್ಮ ಒಳಗೆ ಹೋದರು. ಒಲೆ ನೋಡಲಿಲ್ಲ, ಸಿಂಕು ನೋಡಲಿಲ್ಲ, ಅಳಿಯ ಹಿಡಿದುಕೊಂಡಿದ್ದ ಪಟ್ಟಿಯನ್ನೂ ಕೇಳಲಿಲ್ಲ. ನೇರ ಹಿಂದಿನ ಕೋಣೆಗೆ ಹೋಗಿ, ಮಂಡಿಯೂರಿ ಕೂತು, ಮಂಚದಿಂದ ಇಳಿಬಿದ್ದಿದ್ದ ಹೊದಿಕೆ ಎತ್ತಿದರು. ತೊಳೆಯದ ಎರಡು ಡಬರಿ, ನಿನ್ನೆಯ ಸಾರು, ಮುಚ್ಚಳವಿಲ್ಲದೆ ಮಸಾಲೆ ಹಚ್ಚಿಟ್ಟ ಕೋಳಿ, ಎಲ್ಲ ಅಲ್ಲೇ ಇದ್ದವು.

"ಅವ್ವ, ನಿಂಗೆ ಎಂಗ್ ಗೊತ್ತಾಯ್ತು?" ಎಂದಳು ಪವಿತ್ರ.

"ನೆಂಟರು ಬಂದ್ರೆ ಎಲ್ಲನೂವೆ ಮಂಚದಡೀಕೆ ನೂಕು ಅಂತ ನಿಂಗ್ ಕಲಿಸ್ದೋಳೇ ನಾನು ಕಣೇ" ಎಂದರು ತಾಯಿ.

ಮೂರು ದೊಡ್ಡ ಗೀಟು, ಹದಿನೈದು ಹೋಯಿತು. ಉಳಿದದ್ದರಲ್ಲಿ ಒಂದು ತಪ್ಪೂ ಸಿಗಲಿಲ್ಲ. ಎಂಬತ್ತೈದು.

ರಾಚಮ್ಮ ನಾನೂರು ರೂಪಾಯಿ ಸೆರಗಿಗೆ ಕಟ್ಟಿಕೊಂಡು, ಪಟ್ಟಿಯ ಜೆರಾಕ್ಸಿಗೆ ನನ್ನ ಅಂಗಡಿಗೆ ಬಂದು ಕೂತರು. ಹಿಂದೆಯೇ ಯತೀಶ ಬಂದ. ಎಂದೂ ಬಾಗದ ಮನುಷ್ಯ ಕೈಕಟ್ಟಿ ನಿಂತದ್ದು ನೋಡಿ ನನಗೇ ನಾಚಿಕೆಯಾಯಿತು.

"ಅತ್ತೆ, ಒಂದು ನಂಬರು. ಒಂದೇ ಒಂದು. ನಾಳೆ ಅವ್ರು ಬತ್ತಾವ್ರೆ. ಅವ್ಳು ಒಳಗೆ ಅಳ್ತಾ ಕೂತವ್ಳೆ."

"ಅಳಿಯಂದ್ರೇ, ಪಾಸಾದ್ರೂ ಅಷ್ಟೇಯ ಫೇಲಾದ್ರೂ ಅಷ್ಟೇಯ ಫೀಸು, ನನ್ ಮುಖ ನೋಡ್ಬೇಡಿ ಅಂದೋರು ಯಾರು?"

"ನಾನೇಯ."

"ನಿಮ್ ಮುಖನೂ ನೋಡಾಕಿಲ್ಲ, ಅವ್ಳ ಮುಖನೂ ನೋಡಾಕಿಲ್ಲ. ಅವ್ಳು ಅತ್ರೆ ನಂಗೇನು ಕರುಳು ಕಿವುಚಾಕಿಲ್ವಾ? ನಾನೂರು ಈಸ್ಕೊಂಡಾಯ್ತು. ಇಂದ್ಕೆ ಕೊಡಾಕೆ ಬರಾಕಿಲ್ಲ."

ಅಷ್ಟು ಹೇಳಿದವರ ಕಣ್ಣಲ್ಲೂ ನೀರಿತ್ತು. ಮುಂದಿನ ಬಸ್ಸಿಗೆ ಹೊರಟರು. ಮಗಳ ಮನೆಯಲ್ಲಿ ಅಂದು ಒಂದು ಲೋಟ ನೀರೂ ಕುಡಿಯಲಿಲ್ಲ.

ಯತೀಶ ಬೋರ್ಡು ಒರೆಸಿ '85, ಫೇಲ್' ಎಂದು ಬರೆದು ಮುಂದೆ ನಿಲ್ಲಿಸಿದ. ಸಂಜೆ ಗೋಡೆಯಾಚೆ ಜಗಳವೂ ಇರಲಿಲ್ಲ. ನನಗೆ ಅದೇ ದಿಗಿಲಾಯಿತು.

ಗುರುವಾರ ಒಂದು ಗಂಟೆಗೆ ಸೋಮಶೇಖರ್ ಬಂದರು. ಕಾರು ನಿಲ್ಲಿಸಲು ಬೋರ್ಡು ಅಡ್ಡವಾಗಿತ್ತು. ಇಳಿದು, ಅದನ್ನು ಕೈಯಾರೆ ಎತ್ತಿ ಗೋಡೆಗೆ ಮುಖ ಮಾಡಿ ಒರಗಿಸಿ, ಕಾರು ನಿಲ್ಲಿಸಿ ಒಳಗೆ ಬಂದರು. ಮಾಮೂಲಿ ಮೇಜಿನಲ್ಲಿ ನಾನೂ ಇದ್ದೆ. ಎರಡು ಮುದ್ದೆ ಉಂಡರು, ಸಾರು ಎರಡು ಸಲ ಹಾಕಿಸಿಕೊಂಡರು, ಇಂಥ ಬಸ್ಸಾರು ತಿಂದು ವರ್ಷವಾಯಿತು ಎಂದರು. ಬೆರಳು ನೆಕ್ಕಿದ್ದನ್ನು ನಾನೇ ಕಂಡೆ.

"ಊಟಕ್ಕೆ ಎಷ್ಟು ಹೇಳ್ತೀರಾ?"

"ಅರವತ್ತು ಸಾರ್."

"ಅರವತ್ನಾಲ್ಕು ಅಂತ ಬರೀರಿ. ಆ ನಾಲ್ಕು ನನ್ ಕಡೆಗೆ. ಅಡುಗೆಮನೆ ಚೆಕ್ ಮಾಡಿ ರಿಪೋರ್ಟ್ ಕೊಡಬೇಕು ಅಂತ ರೂಲ್ಸ್ ಇದೆ, ಅದನ್ನ ಇಲ್ಲೇ ಕೂತು ಬರೆದು ಕೊಡ್ತೀನಿ. ತಪಾಸಣೆ ಫೀಸು ಅಂದ್ಕೊಳ್ಳಿ."

ಯತೀಶ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಭುಜದ ಕಡೆ ನೋಡಿದ. ಅವನ ತುಟಿ ಅಲುಗಿತು. 'ಆಯ್ತು ಸಾರ್' ಎಂಬ ಮಾತು ಅಲ್ಲಿಯವರೆಗೆ ಬಂದಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ತಪ್ಪೆಂದು ನಾನು ಅನ್ನಲಾರೆ, ಅವನ ಜಾಗದಲ್ಲಿ ನಾನಿದ್ದರೆ ಅಷ್ಟು ಹೊತ್ತಿಗೆ ಸಹಿ ಹಾಕಿರುತ್ತಿದ್ದೆ.

ಪವಿತ್ರ ಮುದ್ದೆ ಕೋಲು ಹಿಡಿದುಕೊಂಡೇ ಹೊರಗೆ ಬಂದಳು.

"ಸಾರ್, ನಮ್ಮವ್ವಂಗೆ ಅರವತ್ತೆಂಟು. ಎರಡು ಬಸ್ ಅತ್ತಿ ಬಂದು, ಮಂಡಿ ಊರಿ ಮಂಚದಡೀಕೆ ಬಗ್ಗಿ ನೋಡಿ, ನಾನೂರು ಈಸ್ಕೊಂಡು, ಎತ್ತ ಮಗಳ್ನ ಫೇಲ್ ಮಾಡಿ ಅಳ್ತಾ ಓಗ್ಬುಟ್ಲು. ನೀವು ಕೂತಿರೋ ಕುರ್ಚಿ ಬುಟ್ಟು ಏಳ್ನಿಲ್ಲ. ಏನ್ ನೋಡಿದ್ರಿ ಅಂತ ಕೊಡ್ಲಿ ಫೀಸ?"

ಸೋಮಶೇಖರ್ ಒಮ್ಮೆ ಯತೀಶನನ್ನು ನೋಡಿದರು, ಒಮ್ಮೆ ಕೋಲನ್ನು ನೋಡಿದರು. ಕೈ ತೊಳೆದು ಹೊರಟೇಹೋದರು. ಉಂಡದ್ದಕ್ಕೆ ಕಾಸನ್ನೂ ಕೊಡಲಿಲ್ಲ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಕಾರಿನ ಸದ್ದು ಅಡಗಿದ ಮೇಲೆ ಪವಿತ್ರ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಅಂಥ ಮಾತಾಡಿದವಳು ಧೀರೆಯ ಹಾಗೆ ನಿಂತಿರಬೇಕಿತ್ತು ಎಂದು ನೀವು ಅಂದುಕೊಂಡರೆ, ನೀವು ನೂರು ಮುದ್ದೆ ತೊಳಸಿದವರಲ್ಲ.

"ನೂರೆಂಬತ್ತು ಊಟ ಓಯ್ತಲ್ರೀ" ಎಂದಳು. "ನನ್ ಕೈಯಾರ ಕಳ್ಕಂಡ್ಬುಟ್ನಲ್ಲ. ಇನ್ನ ಈ ತೋಳ ಎತ್ತಾಕಾಗಲ್ಲ ಕಣ್ರೀ ನನ್ ಕೈಲಿ."

ಯತೀಶ ಪಕ್ಕದಲ್ಲಿ ನಿಂತಿದ್ದ. ಬಾಗಿಲಲ್ಲಿ ಊಟಕ್ಕೆ ಬಂದ ಆರು ಜನ ಕಾಯುತ್ತಿದ್ದರು, ಒಲೆ ಮೇಲೆ ನೀರು ಕುದಿಯುತ್ತಿತ್ತು. ಅವನು ಬಗ್ಗಿ ಹೆಂಡತಿಯ ಕೈಯಿಂದ ಕೋಲು ತೆಗೆದುಕೊಂಡು ಒಳಗೆ ಹೋದ.

ನಲವತ್ತನಾಲ್ಕು ಕಲಮುಗಳಲ್ಲಿ ಒಲೆಯಿತ್ತು, ಸಿಂಕಿತ್ತು, ಒರೆಸುವ ಬಟ್ಟೆಯಿತ್ತು, ಅಡುಗೆಯವರ ಉಗುರಿತ್ತು. ಅಡುಗೆಯವಳ ಭುಜ ಇರಲಿಲ್ಲ. ಆ ಪಟ್ಟಿಯನ್ನು ಟೈಪ್ ಮಾಡಿದವನು ನಾನು, ಮೂರು ವರ್ಷ ಆ ಕೈಯ ಮುದ್ದೆ ನುಂಗಿದವನೂ ನಾನು. ನನಗೂ ಹೊಳೆದಿರಲಿಲ್ಲ.

ಅರ್ಧ ಗಂಟೆಯ ಮೇಲೆ ನಮ್ಮ ತಟ್ಟೆಗಳಿಗೆ ಯತೀಶ ತೊಳಸಿದ ಮುದ್ದೆ ಬಂತು. ಹೊರಗೆ ಬಿರುಕು, ಒಳಗೆ ಹಸಿ ಹಿಟ್ಟು, ತುಂಬ ಗಂಟು. ಆರು ಜನವೂ ಸಾರಿನಲ್ಲಿ ಅದ್ದಿ ನುಂಗಿದರು. ಪವಿತ್ರ ಕಣ್ಣೊರೆಸಿಕೊಂಡು ಬಂದು ನನ್ನ ತಟ್ಟೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟಳು. ಒಂದೆರಡು ಸಲ ಅಗಿದಳು.

"ನೀರು ಕಮ್ಮಿ ಆಯ್ತು" ಎಂದು ಗಂಡನಿಗೆ ಕೂಗಿ ಹೇಳಿ, ಕುರ್ಚಿ ಎಳೆದುಕೊಂಡು ನಮ್ಮ ಜೊತೆ ಊಟಕ್ಕೆ ಕೂತಳು. ಮಧ್ಯಾಹ್ನ ಗಿರಾಕಿಗಳಿರುವಾಗ ಅವಳು ಕೂತು ಉಂಡದ್ದು ಆ ಮೆಸ್ಸಿನಲ್ಲಿ ಅದೇ ಮೊದಲು.